ಆದೇಶದ ಪಿಡಿಎಫ್ ಕಳಿಸಿದ್ದೆವು, ಆದರೂ ಊರಿನವರು ಯಾಕೆ ಬೈದರು?

ಪ್ರಶ್ನೆ: ಸರ್, ನಾನು 2020ರ ಡಿಸೆಂಬರ್ ಚುನಾವಣೆಯಲ್ಲಿ ಮೊದಲ ಸಲ ಗ್ರಾಮ ಪಂಚಾಯಿತಿ ಸದಸ್ಯೆಯಾದವಳು. ಕುರ್ಚಿ ಬಿಸಿಯಾಗುವ ಮೊದಲೇ ಕೊರೊನಾ ಎರಡನೇ ಅಲೆ ಬಂತು. ಲಾಕ್‌ಡೌನ್ ಪೂರ್ತಿ ಮೇಲಿನಿಂದ ಬಂದ ಆದೇಶಗಳನ್ನೆಲ್ಲ ಅವತ್ತೇ ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆವು, ನೋಟಿಸ್ ಬೋರ್ಡಿಗೂ ಅಂಟಿಸಿದೆವು. ಆದರೂ ‘ಪಂಚಾಯಿತಿಯವರು ಏನೂ ಹೇಳಲೇ ಇಲ್ಲ’ ಅನ್ನುವ ಬೈಗುಳ ಇವತ್ತಿಗೂ ಕೇಳುತ್ತಿದ್ದೇನೆ. ನಾವು ಎಲ್ಲಿ ತಪ್ಪಿದೆವು? ಮುಂದೆ ಇಂಥದ್ದು ಬಂದರೆ ಊರಿಗೆ ಹೇಗೆ ತಿಳಿಸಬೇಕು?

ಉತ್ತರ: ಮೇಡಂ, ಮೊದಲು ನನ್ನದೊಂದು ತಪ್ಪೊಪ್ಪಿಗೆ. ಆ ಎರಡು ವರ್ಷ ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ ಕೂತು ಅಂಥ ಪಿಡಿಎಫ್‌ಗಳನ್ನು ಪಿಡಿಒಗಳ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ) ಗ್ರೂಪಿಗೆ ತಳ್ಳುತ್ತಿದ್ದವರಲ್ಲಿ ನಾನೂ ಒಬ್ಬ. ಜಿಲ್ಲೆಯಿಂದ ಬಂತು, ನಾನು ಫಾರ್ವರ್ಡ್ ಮಾಡಿದೆ, ಪಿಡಿಒ ಫಾರ್ವರ್ಡ್ ಮಾಡಿದರು, ನಿಮ್ಮಂಥ ಸದಸ್ಯರು ಊರಿನ ಗ್ರೂಪಿಗೆ ಹಾಕಿದರು. ಎಲ್ಲರೂ ಕೆಲಸ ಮಾಡಿದ್ದೇವೆ ಅಂದುಕೊಂಡೆವು. ಮಾಡಿದ್ದೇನು? ಸುಮ್ನೆ ಕೈ ದಾಟಿಸಿದೆವು, ಅಷ್ಟೇ.

ಆದೇಶ ಬೇರೆ, ಊರಿಗೆ ಹೇಳುವ ಮಾತು ಬೇರೆ. ಆದೇಶ ಬರೆಯುವವರೂ ಅಧಿಕಾರಿ, ಓದಬೇಕಾದವರೂ ಅಧಿಕಾರಿ. ನಾಳೆ ಯಾರಾದರೂ ಕೋರ್ಟಿಗೆ ಹೋದರೆ ಅದು ನಿಲ್ಲಬೇಕು. ಅದಕ್ಕೇ ಅದರ ತುಂಬ ‘ಸದರಿ’, ‘ಮೇಲ್ಕಂಡ’, ‘ಉಲ್ಲೇಖ (2)ರಂತೆ’, ‘ಕ್ರಮ ಜರುಗಿಸತಕ್ಕದ್ದು’. ಮೊದಲ ಪುಟದಲ್ಲಿ 2005ರ ವಿಪತ್ತು ನಿರ್ವಹಣಾ ಕಾಯ್ದೆ ಬರುತ್ತದೆ, ಹಿಂದೆಯೇ ಹಳೆಯ ಆದೇಶಗಳ ನಂಬರುಗಳು. ಅಂಗಡಿ ಎಷ್ಟು ಹೊತ್ತಿಗೆ ತೆಗೆಯುತ್ತದೆ ಅನ್ನುವುದು ಮೂರನೇ ಪುಟದಲ್ಲಿ, ಅದೂ ‘ಅನುಬಂಧದಲ್ಲಿ ತಿಳಿಸಿರುವಂತೆ’. ಸಣ್ಣ ಪರದೆಯ ಫೋನಿನಲ್ಲಿ, ತಿಂಗಳ ಕೊನೆಯ ಡೇಟಾದಲ್ಲಿ ಅದನ್ನು ಯಾರು ತೆಗೆದು ಓದುತ್ತಾರೆ ಹೇಳಿ? ನನ್ನ ಮನೆಯವರೇ ಓದುತ್ತಿರಲಿಲ್ಲ. ‘ನಾಳೆ ಹಾಲು ಬರುತ್ತಾ ಇಲ್ವಾ, ಅದು ಹೇಳಿ’ ಅನ್ನುತ್ತಿದ್ದರು.

ಅದೇ ನೋಡಿ ಪ್ರಶ್ನೆ. ನಾಳೆ ಹಾಲು ಬರುತ್ತಾ. ರೇಷನ್ ಯಾವತ್ತು. ನಲ್ಲಿ ನೀರು ಎಷ್ಟು ಹೊತ್ತಿಗೆ. ಕಸದ ಗಾಡಿ ಬರುತ್ತಾ. ಅಮ್ಮನ ಬಿಪಿ ಮಾತ್ರೆ ಮುಗಿದಿದೆ, ಪೇಟೆಗೆ ಹೋಗಲು ಪೊಲೀಸರು ಬಿಡುತ್ತಾರಾ. ನರೇಗಾ ಕೆಲಸ ನಡೆಯುತ್ತಾ, ದುಡ್ಡು ಬರುತ್ತಾ. ಲಾಕ್‌ಡೌನ್ ಹಾಕುವುದು, ತೆಗೆಯುವುದು ಪಂಚಾಯಿತಿ ಕೈಯಲ್ಲಿ ಇರಲಿಲ್ಲ. 2020ರಲ್ಲಿ ಅದು ದೆಹಲಿಯಲ್ಲಿ ತೀರ್ಮಾನವಾಗಿ, ಮುಖ್ಯ ಕಾರ್ಯದರ್ಶಿ, ಜಿಲ್ಲಾಧಿಕಾರಿ, ತಹಸೀಲ್ದಾರ್ ಅಂತ ಇಳಿದು ಬಂತು. 2021ರಲ್ಲಿ ಬೆಂಗಳೂರಿನಲ್ಲಿ ತೀರ್ಮಾನವಾಯಿತು. ಆದರೆ ಮೇಲೆ ಹೇಳಿದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲಿಗೆ ಉತ್ತರ ಇದ್ದದ್ದು ನಿಮ್ಮ ಪಂಚಾಯಿತಿಯಲ್ಲೇ, ನೀರುಗಂಟಿ, ಬಿಲ್ ಕಲೆಕ್ಟರ್, ಆಶಾ ಕಾರ್ಯಕರ್ತೆ, ನ್ಯಾಯಬೆಲೆ ಅಂಗಡಿಯವನು, ಡೈರಿ ಸೆಕ್ರೆಟರಿ ಇವರ ಹತ್ತಿರ. ನಾವು ಮಾಡಿದ್ದು ಉಲ್ಟಾ. ನಮಗೆ ಗೊತ್ತಿದ್ದನ್ನು ಹೇಳಲಿಲ್ಲ, ನಮ್ಮ ಕೈಯಲ್ಲಿ ಇಲ್ಲದ್ದನ್ನು ಐದು ಪುಟ ಕಳಿಸಿದೆವು.

ಒಂದು ಪ್ರಸಂಗ ಹೇಳುತ್ತೇನೆ, ಈಗಲೂ ಮನಸ್ಸಿನಿಂದ ಹೋಗಿಲ್ಲ. 2021ರ ಮೇ ತಿಂಗಳ ಮಧ್ಯ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಗೇಟಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ನಾಲ್ಕು ಕಿಲೋಮೀಟರ್ ನಡೆದು ಬಂದಿದ್ದರು, ಯಾಕೆಂದರೆ ಬಸ್ಸಿಲ್ಲ, ಆಟೋ ಇಲ್ಲ. ಎಲೆ ಅಡಿಕೆ ಚೀಲದಿಂದ ಮಡಿಸಿ ಮಡಿಸಿ ಸವೆದ ಚೀಟಿ ತೆಗೆದು ತೋರಿಸಿದರು. ಮೊದಲನೇ ಡೋಸ್ ಹಾಕಿದವರು ಎರಡನೆಯದಕ್ಕೆ ಬರಬೇಕಾದ ತಾರೀಕು ಬರೆದು ಕೊಟ್ಟಿದ್ದರು. ತಾರೀಕು ಸರಿಯಾಗೇ ಇತ್ತು. ಆದರೆ ಅಷ್ಟರಲ್ಲಿ ಕೋವಿಶೀಲ್ಡ್ ಎರಡು ಡೋಸ್‌ಗಳ ನಡುವಿನ ಅಂತರವನ್ನು ಕೇಂದ್ರ ಸರ್ಕಾರ 12ರಿಂದ 16 ವಾರಕ್ಕೆ ಏರಿಸಿತ್ತು. ಅದಕ್ಕೂ ಮೊದಲು 6ರಿಂದ 8 ವಾರ ಇತ್ತು. ಟಿವಿಯಲ್ಲಿ ಬಂದಿತ್ತು, ಗ್ರೂಪಿನಲ್ಲಿ ಪಿಡಿಎಫ್ ಬಂದಿತ್ತು. ಆ ಅಜ್ಜಿಗೆ ಮಾತ್ರ ಯಾರೂ ಹೇಳಿರಲಿಲ್ಲ. ನರ್ಸಮ್ಮ ಚೀಟಿಯ ಮೇಲೆ ಹಳೆಯ ತಾರೀಕು ಹೊಡೆದು ಹೊಸದು ಬರೆದರು. ಅಜ್ಜಿ ಒಂದೇ ಮಾತು ಕೇಳಿದ್ದು: ‘ನೀವು ಒಬ್ಬರಿಗಾದರೂ ಹೇಳಿ ಕಳಿಸಬಾರದಿತ್ತಾ?’

ಆ ದಿನ ಬೇಕಾಗಿದ್ದದ್ದು ಎರಡು ಸಾಲು, ಅಷ್ಟೇ. ‘ಕೋವಿಶೀಲ್ಡ್ ಮೊದಲ ಡೋಸ್ ಹಾಕಿಸಿಕೊಂಡವರು ಚೀಟಿಯಲ್ಲಿ ಇರುವ ತಾರೀಕಿಗೆ ಹೋಗಬೇಡಿ. ಹೊಸ ತಾರೀಕು ಆಶಾ ಅಕ್ಕ ಮನೆಗೇ ಬಂದು ಹೇಳುತ್ತಾರೆ.’

ಈಗ ನಿಮ್ಮ ಎರಡನೇ ಪ್ರಶ್ನೆ, ಹೇಗೆ ತಿಳಿಸಬೇಕು ಅನ್ನುವುದು. ಒಂದು ಮಾದರಿ ಬರೆದೇ ತೋರಿಸುತ್ತೇನೆ. 2021ರ ಮೇ 10ರಿಂದ ರಾಜ್ಯದಲ್ಲಿ ಕಟ್ಟುನಿಟ್ಟಿನ ಲಾಕ್‌ಡೌನ್ ಇತ್ತಲ್ಲ, ದಿನಸಿ ತರಕಾರಿಗೆ ಬೆಳಿಗ್ಗೆ 6ರಿಂದ 10 ಮಾತ್ರ. ಆ ವಾರದ ಒಂದು ದಿನ ಅಂದುಕೊಳ್ಳಿ:

‘ಮೇ 12, ಬುಧವಾರ ಸಂಜೆ 5 ಗಂಟೆ. ನಾಳೆ ಬೆಳಿಗ್ಗೆ 6ರಿಂದ 10ರ ತನಕ ದಿನಸಿ, ತರಕಾರಿ ಸಿಗುತ್ತದೆ. ಮನೆಗೆ ಒಬ್ಬರು ಬನ್ನಿ. ಡೈರಿ ಎಂದಿನಂತೆ ಎರಡು ಹೊತ್ತು. ರೇಷನ್ ನಾಳೆ ಮೇಲಿನ ಕೇರಿಗೆ, ನಾಡಿದ್ದು ಕೆಳಗಿನ ಕೇರಿಗೆ. ಕೆಳಗಿನ ಕೇರಿಯವರು ನಾಳೆ ಬಂದು ಕಾಯಬೇಡಿ. ನೀರು ಬೆಳಿಗ್ಗೆ 7ಕ್ಕೆ, ಒಂದು ಗಂಟೆ. ಜ್ವರ, ಕೆಮ್ಮು, ಉಸಿರು ಕಟ್ಟುವುದು ಇದ್ದರೆ ಆಶಾ ಅಕ್ಕನಿಗೆ ಫೋನ್ ಮಾಡಿ. ನಿನ್ನೆ ಹೇಳಿದ್ದರಲ್ಲಿ ಬದಲಾಗಿದ್ದು ಒಂದೇ: ಹತ್ತಿರದ ಅಂಗಡಿಗೆ ಗಾಡಿಯಲ್ಲಿ ಹೋಗಬಹುದು. ಲಾಕ್‌ಡೌನ್ ಮೇ 24ರ ನಂತರ ಏನಾಗುತ್ತದೆ ಅಂತ ನಮಗೂ ಇನ್ನೂ ತಿಳಿಸಿಲ್ಲ. ತಿಳಿದ ದಿನ ಇದೇ ಹೊತ್ತಿಗೆ ಹೇಳುತ್ತೇವೆ.’

ಇಷ್ಟೇ. ಒಬ್ಬರು ಓದಿ ಹೇಳಿದರೆ ಒಂದು ನಿಮಿಷವೂ ಆಗುವುದಿಲ್ಲ. ಕಾಯ್ದೆ ಇಲ್ಲ, ಸೆಕ್ಷನ್ ಇಲ್ಲ. ‘ಸಾರ್ವಜನಿಕರು ಸಹಕರಿಸಬೇಕಾಗಿ ಕೋರಿದೆ’ ಅನ್ನುವುದೂ ಇಲ್ಲ, ಅದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಆದೇಶದ ಪಿಡಿಎಫ್ ಬೇಕಾದವರಿಗೆ ಕೆಳಗೆ ಇರಲಿ, ಬೇಡ ಅನ್ನುತ್ತಿಲ್ಲ. ಅಂಗಡಿಯವರಿಗೆ ಪೊಲೀಸರ ಮುಂದೆ ತೋರಿಸಲು ಅದು ಬೇಕಾಗುತ್ತದೆ.

ಈ ಮಾದರಿಯಲ್ಲಿ ನನಗೆ ತುಂಬ ಮುಖ್ಯ ಅನ್ನಿಸುವುದು ಕೊನೆಯ ಮೂರು ಸಾಲು. ಬದಲಾಗಿದ್ದು ಯಾವುದು ಅಂತ ಬೇರೆಯಾಗಿ ಹೇಳುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದು, ಮುಂದಿನ ಸುದ್ದಿ ಯಾವಾಗ ಅಂತ ಹೇಳುವುದು. ಯಾಕೆ ಅಂದರೆ ಆ ಎರಡು ವರ್ಷ ಜನ ನಿಯಮಗಳಿಂದ ಬೇಸತ್ತಿದ್ದಕ್ಕಿಂತ ನಿಯಮ ಬದಲಾಗುವ ರೀತಿಯಿಂದ ಬೇಸತ್ತದ್ದೇ ಜಾಸ್ತಿ. ನೆನಪಿಸಿಕೊಳ್ಳಿ. 2020ರ ಡಿಸೆಂಬರ್ 23ಕ್ಕೆ ರಾತ್ರಿ 10ರಿಂದ ಕರ್ಫ್ಯೂ ಅಂದರು. ಆಮೇಲೆ ಇವತ್ತಲ್ಲ, ನಾಳೆಯಿಂದ, ಅದೂ 11ರಿಂದ ಅಂದರು. ಮರುದಿನ ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ವಾಪಸ್ ತೆಗೆದುಕೊಂಡರು. ಮಾಸ್ಕ್ ದಂಡದ ಕಥೆಯೂ ಅದೇ. ಆ ವರ್ಷ ಅಕ್ಟೋಬರ್ ಮೊದಲ ವಾರ ನಗರದಲ್ಲಿ 1,000 ರೂಪಾಯಿ, ಹಳ್ಳಿಯಲ್ಲಿ 500 ಅಂತ ಆಯಿತು. ಜನ ಗಲಾಟೆ ಮಾಡಿದ ಮೇಲೆ ವಾರದೊಳಗೆ 250 ಮತ್ತು 100ಕ್ಕೆ ಇಳಿಯಿತು. ಊರಿನ ಗೋಡೆಯ ಮೇಲೆ 500ರ ಬ್ಯಾನರ್ ಮಾತ್ರ ಎಷ್ಟೋ ದಿನ ಹಾಗೇ ಇತ್ತು. ಹಳೆಯ ನೋಟಿಸ್ ಕಿತ್ತು ತೆಗೆಯುವುದೂ ತಿಳಿವಳಿಕೆ ನೀಡುವ ಕೆಲಸವೇ, ಅದನ್ನು ಯಾರೂ ಮಾಡುವುದಿಲ್ಲ.

ಇನ್ನೂ ಕೆಟ್ಟದ್ದು 2021ರ ಏಪ್ರಿಲ್ 22, ಗುರುವಾರ. ರಾತ್ರಿ ಕರ್ಫ್ಯೂ, ವಾರಾಂತ್ಯದ ಕರ್ಫ್ಯೂ ಅಷ್ಟೇ ಅಂದುಕೊಂಡು ಬಟ್ಟೆ ಅಂಗಡಿ, ಪಾತ್ರೆ ಅಂಗಡಿಯವರೆಲ್ಲ ಬೆಳಿಗ್ಗೆ ಬಾಗಿಲು ತೆಗೆದಿದ್ದರು. ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಬಂದು ಮುಚ್ಚಿಸಿದರು. ಅಗತ್ಯ ವಸ್ತು ಬಿಟ್ಟು ಉಳಿದದ್ದೆಲ್ಲ ಬಂದ್ ಅನ್ನುವ ತಿದ್ದುಪಡಿ ಆದೇಶ ಬಂದಿತ್ತು. ಅಂಗಡಿಯವರಿಗೆ ಅದು ಗೊತ್ತಾದದ್ದು ಲಾಠಿ ನೋಡಿದ ಮೇಲೆ. ಅದು ಪಂಚಾಯಿತಿ ಮಾಡಿದ ತಪ್ಪಲ್ಲ, ಒಪ್ಪುತ್ತೇನೆ. ಆದರೆ ಬೈಸಿಕೊಳ್ಳುವುದು ಯಾರು? ಮೇಲಿನವರು ಫೋನಿಗೆ ಸಿಗುವುದಿಲ್ಲ, ನೀವು ಬೀದಿಯಲ್ಲೇ ಸಿಗುತ್ತೀರಿ.

ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. 2020ರ ಜೂನ್ 29ರ ರಾತ್ರಿ ಬ್ರಿಟನ್ ಸರ್ಕಾರ ಲೆಸ್ಟರ್ ನಗರಕ್ಕೆ ಮಾತ್ರ ಲಾಕ್‌ಡೌನ್ ಅಂತ ಘೋಷಿಸಿತು, ಮರುದಿನದಿಂದಲೇ ಅಂಗಡಿ ಬಂದ್. ಇಂಗ್ಲೆಂಡಿನ ಉಳಿದ ಕಡೆ ಜುಲೈ 4ಕ್ಕೆ ಪಬ್ಬುಗಳು ತೆರೆಯುವುದರಲ್ಲಿದ್ದವು. ಅಲ್ಲಿನ ಜನರ ಮೊದಲ ಪ್ರಶ್ನೆ ನಮ್ಮವರದ್ದೇ: ನಮ್ಮ ಬೀದಿ ಒಳಗಾ, ಹೊರಗಾ? ನಗರಸಭೆಯವರಿಗೆ ಇನ್ನೊಂದು ದೂರು ಇತ್ತು, ಯಾವ ಬೀದಿಯಲ್ಲಿ ಎಷ್ಟು ಕೇಸು ಅನ್ನುವ ಲೆಕ್ಕವನ್ನೇ ಲಂಡನ್ನಿನವರು ಬೇಗ ಕೊಡಲಿಲ್ಲ ಅಂತ. ಶ್ರೀಮಂತ ದೇಶದಲ್ಲೂ ಕೆಳಗಿನವರಿಗೆ ಸುದ್ದಿ ತಡವಾಗಿಯೇ ತಲುಪುತ್ತದೆ.

ಹೊತ್ತು ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ. ಕೇರಳದಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಸಂಜೆ ಹೊತ್ತು ತಾವೇ ಕೂತು ಅವತ್ತಿನ ಲೆಕ್ಕ ಹೇಳುತ್ತಿದ್ದರು. ಗಡಿಯಾಚೆ ನಮ್ಮ ಕಾಸರಗೋಡಿನ ಕನ್ನಡದವರೂ ಅದಕ್ಕೆ ಕಾಯುತ್ತಿದ್ದರು. ನ್ಯೂಜಿಲೆಂಡಿನಲ್ಲಿ ಮಧ್ಯಾಹ್ನ 1 ಗಂಟೆಗೆ. ಹೊತ್ತು ಗೊತ್ತಿದ್ದರೆ ಜನ ಅಲ್ಲಿಯವರೆಗೆ ಕಾಯುತ್ತಾರೆ. ಹೊತ್ತು ಗೊತ್ತಿಲ್ಲದಿದ್ದರೆ ಯಾವ ಫಾರ್ವರ್ಡ್ ಬಂದರೂ ಅದೇ ಸುದ್ದಿ. ಹಾಗಾಗಿ ನಿಮ್ಮದು ಸಂಜೆ 5 ಅಂದರೆ 5. ಹೇಳಲು ಹೊಸದೇನೂ ಇಲ್ಲದ ದಿನವೂ ‘ನಿನ್ನೆಯದೇ, ಏನೂ ಬದಲಾಗಿಲ್ಲ’ ಅಂತ ಹಾಕಿ. ಅದನ್ನು ನೋಡಿಯೇ ಜನ ನೆಮ್ಮದಿಯಾಗಿ ಮಲಗುತ್ತಾರೆ.

ಇನ್ನು ವಾಟ್ಸ್‌ಆ್ಯಪ್. ಗ್ರೂಪಿನಲ್ಲಿ ಯಾರಿದ್ದರು ಅಂತ ಒಮ್ಮೆ ತೆಗೆದು ನೋಡಿ. ಗಂಡಸರು, ಹುಡುಗರು, ಊರು ಬಿಟ್ಟು ಬೆಂಗಳೂರಿನಲ್ಲಿ ಇರುವವರು. ನೀರು ಹಿಡಿಯುವವರು, ರೇಷನ್ನಿಗೆ ಸಾಲು ನಿಲ್ಲುವವರು ಹೆಂಗಸರು, ಅವರಲ್ಲಿ ಎಷ್ಟು ಜನ ಇದ್ದರು? ಒಬ್ಬಂಟಿ ಮುದುಕರು? ತೋಟದ ಕೆಲಸಕ್ಕೆ ಬಂದು ಕನ್ನಡವೇ ಬಾರದೆ ಸಿಕ್ಕಿಹಾಕಿಕೊಂಡವರು? ಡಂಗುರ ಸಾರುವುದು ಹಳೇ ಪದ್ಧತಿ ಅಂತ ನಗುತ್ತಿದ್ದೆವು, 2020ರಲ್ಲಿ ಎಷ್ಟೋ ಊರಲ್ಲಿ ಕೈ ಹಿಡಿದದ್ದು ತಮಟೆಯೇ. ಪಟ್ಟಣಗಳಲ್ಲಿ ಕಸದ ಆಟೋದ ಮೈಕು. ದೇವಸ್ಥಾನದ ಮೈಕು, ಮಸೀದಿಯ ಮೈಕು ಎರಡರಲ್ಲೂ ಒಂದೇ ಮಾತು ಬಂದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಬರೀ ಒಂದರಲ್ಲಿ ಬಂದರೆ ಉಳಿಯುತ್ತದೆ, ಬಿಡಿಸಿ ಹೇಳಬೇಕಿಲ್ಲ ಅಲ್ವಾ? ನಿಮ್ಮ ಕಡೆ ತೆಲುಗಿನವರೋ ಉರ್ದುವಿನವರೋ ಜಾಸ್ತಿ ಇದ್ದರೆ ಅದರಲ್ಲೂ ಹೇಳಿಸಿ. ಅನುವಾದಕ್ಕೆ ಯಾವ ಇಲಾಖೆಯನ್ನೂ ಕಾಯಬೇಡಿ, ಅಂಗನವಾಡಿ ಟೀಚರ್ ಹತ್ತಿರ ಕೇಳಿ.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಮಾಡುತ್ತೇನೆ: ಸೋಂಕಿತರ ಹೆಸರು, ಮನೆ, ಗುರುತು ಹೇಳುವುದು. 2020ರ ಮಾರ್ಚ್ ಕೊನೆಯಲ್ಲಿ ನಮ್ಮ ರಾಜ್ಯ ಸರ್ಕಾರವೇ ಹೋಂ ಕ್ವಾರಂಟೈನ್ ಆದವರ ವಿಳಾಸದ ಪಟ್ಟಿಯನ್ನು ಜಿಲ್ಲಾವಾರು ಆನ್‌ಲೈನ್‌ನಲ್ಲಿ ಹಾಕಿತ್ತು. ಹೆಸರು ಇರಲಿಲ್ಲ, ಮನೆ ನಂಬರ್ ಇತ್ತು. ಹೆಸರಿಗಿಂತ ಅದೇ ಜಾಸ್ತಿ ಅಲ್ವಾ? ಬೇಗನೇ ಅದು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಓಡಾಡಿತು. ದಿನದ ಬುಲೆಟಿನ್ ಬರುತ್ತಿತ್ತಲ್ಲ, ಸೋಂಕಿತರಿಗೆ ಹೆಸರಿನ ಬದಲು ಕೊಟ್ಟ ‘ಪಿ’ ನಂಬರ್, ವಯಸ್ಸು, ಗಂಡೋ ಹೆಣ್ಣೋ, ಯಾವ ಊರು, ಯಾರ ಸಂಪರ್ಕ. ಬೆಂಗಳೂರಿನಲ್ಲಿ ಅದು ನಂಬರ್ ಇರಬಹುದು, ಮುನ್ನೂರು ಮನೆಯ ಊರಿನಲ್ಲಿ ‘34 ವರ್ಷ, ಮಹಿಳೆ’ ಅಂದರೆ ಮುಗಿಯಿತು. ಆ ಮನೆಗೆ ಹಾಲು ಹಾಕುವವನು ಬರುವುದಿಲ್ಲ, ಆರು ತಿಂಗಳಾದ ಮೇಲೂ ಅವರ ಮಕ್ಕಳ ಜೊತೆ ಯಾರೂ ಆಡುವುದಿಲ್ಲ. ಇದನ್ನು ನೋಡಿದ ಬೇರೆ ಮನೆಯವರು ಏನು ಮಾಡಿದರು? ಜ್ವರ ಬಂದರೂ ಟೆಸ್ಟಿಗೆ ಹೋಗಲಿಲ್ಲ. ಪ್ಯಾರಸಿಟಮಾಲ್ ನುಂಗಿ ಒಳಗೆ ಮಲಗಿದರು. ಗುರುತು ಬಿಟ್ಟುಕೊಟ್ಟ ಪ್ರತಿ ಸುದ್ದಿಯೂ ನಾಲ್ಕು ಟೆಸ್ಟು ಕಡಿಮೆ ಮಾಡಿತು ಅನ್ನುವುದು ನನ್ನ ಲೆಕ್ಕ. ಇದಕ್ಕೆ ಅಂಕಿಅಂಶ ಕೇಳಬೇಡಿ, ಕಣ್ಣಾರೆ ಕಂಡದ್ದು.

ಹಾಗಾದರೆ ಏನೂ ಹೇಳಬಾರದಾ? ಹೇಳಬೇಕು. ಬೀದಿ ಸೀಲ್‌ಡೌನ್ ಆದರೆ ಯಾವ ಬೀದಿ, ಎಲ್ಲಿಂದ ಎಲ್ಲಿಗೆ, ಎಷ್ಟು ದಿನ, ಒಳಗಿದ್ದವರಿಗೆ ಸಾಮಾನು ಯಾರು ತಂದುಕೊಡುತ್ತಾರೆ, ಇದಿಷ್ಟು. ಯಾರಿಂದ ಬಂತು ಅನ್ನುವುದು ಯಾರಿಗೂ ಬೇಕಿಲ್ಲ. ಬೇಕು ಅಂತ ಕೇಳಿದರೂ ಕೊಡಬೇಡಿ. ಆಮೇಲೆ ಆ ಮನೆಯವರಿಗೆ ನೀವೇ ಫೋನ್ ಮಾಡಿ. ಬೀದಿಗೆ ಅಡ್ಡ ಬೊಂಬು ಕಟ್ಟುವ ಮೊದಲು ಮಾಡಿ, ಕಟ್ಟಿದ ಮೇಲಲ್ಲ. ಬೆಂಗಳೂರಿನ ದೊಮ್ಮಲೂರಿನಲ್ಲಿ 2020ರ ಜುಲೈನಲ್ಲಿ ಎರಡು ಫ್ಲ್ಯಾಟ್‌ಗಳ ಬಾಗಿಲಿಗೇ ತಗಡು ಹೊಡೆದದ್ದು, ಆಮೇಲೆ ಪಾಲಿಕೆ ಆಯುಕ್ತರೇ ಕ್ಷಮೆ ಕೇಳಿ ತೆಗೆಸಿದ್ದು ನಿಮಗೂ ನೆನಪಿರಬಹುದು.

ಕೋವಿಡ್ ಕೇರ್ ಸೆಂಟರ್ ವಿಷಯದಲ್ಲಿ ನಾವು ಎಡವಿದ್ದು ದೊಡ್ಡದು. 2021ರ ಮೇ ತಿಂಗಳಲ್ಲಿ ಹಳ್ಳಿಗಳಲ್ಲಿ ಹೋಂ ಐಸೊಲೇಷನ್ ಬೇಡ, ಪಾಸಿಟಿವ್ ಆದವರನ್ನು ಸೆಂಟರಿಗೆ ಕರೆತನ್ನಿ ಅಂತ ಆಯಿತು. ಸಣ್ಣ ಮನೆ, ಒಂದೇ ಬಚ್ಚಲು, ಹತ್ತು ಜನ ಇರುವ ಕಡೆ ಅದು ಸರಿಯಾದ ತೀರ್ಮಾನವೇ. ಆದರೆ ನಾವು ಊರಿಗೆ ಹೇಳಿದ್ದು ‘ಕಡ್ಡಾಯವಾಗಿ ಸ್ಥಳಾಂತರಿಸಲಾಗುವುದು’ ಅಂತ. ಕೇಳಿದವರಿಗೆ ಜೈಲು ಅನ್ನಿಸಿತು. ಅದು ತಾಲ್ಲೂಕಿನ ಹಾಸ್ಟೆಲ್, ಹಾಸಿಗೆ ಕೊಡುತ್ತಾರೆ, ಮೂರು ಹೊತ್ತು ಊಟ, ನರ್ಸ್ ಇರುತ್ತಾರೆ, ಫೋನು ಚಾರ್ಜರ್ ತರಬಹುದು, ಸಕ್ಕರೆ ಕಾಯಿಲೆ ಮಾತ್ರೆ ಇದ್ದರೆ ಮರೆಯದೆ ತನ್ನಿ, ನಿಮ್ಮ ದನ ಕರು ನೋಡಿಕೊಳ್ಳಲು ಇಂಥವರು ಒಪ್ಪಿದ್ದಾರೆ ಅಂತ ಒಂದು ಪಂಚಾಯಿತಿ ಮನೆಮನೆಗೆ ಹೇಳಿ ಕಳಿಸಿತ್ತು. ದನ ಕರು! ಅದು ನಮ್ಮ ಯಾವ ಆದೇಶದಲ್ಲೂ ಇರಲಿಲ್ಲ. ಆ ಊರಿನವರು ಉಳಿದವರಷ್ಟು ಜಗ್ಗಾಡಲಿಲ್ಲ.

ಫೋಟೊ ವಿಷಯ ಬೇಗ ಮುಗಿಸುತ್ತೇನೆ. ಟ್ರ್ಯಾಕ್ಟರ್‌ನಲ್ಲಿ ಔಷಧಿ ಸಿಂಪಡಿಸುವ ಫೋಟೊ, ಕಿಟ್ ಕೊಡುವಾಗ ಎಂಟು ಜನ ಒಂದೇ ಚೀಲ ಹಿಡಿದ ಫೋಟೊ. ಬೀದಿಗೆ ಔಷಧಿ ಹೊಡೆಯುವುದರಿಂದ ಉಪಯೋಗವಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿತ್ತು. ಮನುಷ್ಯರ ಮೇಲೆ ಹೊಡೆಯಬೇಡಿ ಅಂತ ಕೇಂದ್ರ ಆರೋಗ್ಯ ಸಚಿವಾಲಯ ಏಪ್ರಿಲ್‌ನಲ್ಲೇ ಹೇಳಿತ್ತು. ಆದರೂ ಹೊಡೆದೆವು, ಯಾಕೆಂದರೆ ಫೋಟೊ ಚೆನ್ನಾಗಿ ಬರುತ್ತಿತ್ತು. ಊರಿನ ಗ್ರೂಪಿನಲ್ಲಿ ಇಂಥ ಹತ್ತು ಫೋಟೊ ನಡುವೆ ರೇಷನ್ ತಾರೀಕು ಎಲ್ಲಿ ಕಾಣಬೇಕು? ಫೋಟೊಗೆ ಬೇರೆ ಗ್ರೂಪ್ ಮಾಡಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ.

ಇನ್ನೂ ಒಂದು. ದುಡ್ಡಿನ ಸುದ್ದಿ ಹೇಳುವಾಗ ಪೂರ್ತಿ ಹೇಳಿ. ‘ನರೇಗಾ ಕಾಮಗಾರಿಗೆ ಅವಕಾಶವಿದೆ’ ಅಂದರೆ ಸಾಲದು. 2021ರಲ್ಲಿ ಕೂಲಿ ದಿನಕ್ಕೆ 289 ರೂಪಾಯಿ ಇತ್ತು, ಕೆಲಸ ಬೇಕಾದವರು ಯಾರಿಗೆ ಅರ್ಜಿ ಕೊಡಬೇಕು, ಗುಂಪಾಗಿ ಬರಬೇಕಾ ಬೇಡವಾ, ಅಷ್ಟೂ ಬೇಕು. ಕಂದಾಯ ಕಟ್ಟಲು ಗಡುವು ಮುಂದೆ ಹೋಗಿದ್ದರೆ ಅದನ್ನೂ ಹೇಳಿ, ಹೋಗಿಲ್ಲದಿದ್ದರೆ ಹೋಗಿಲ್ಲ ಅಂತಲೂ ಹೇಳಿ. ವಸೂಲಿ ಕಡಿಮೆಯಾದೀತು ಅಂತ ಸುಮ್ಮನಿದ್ದ ಕಚೇರಿಗಳನ್ನು ನೋಡಿದ್ದೇನೆ. ಆಮೇಲೆ ಅವರು ಹೇಳಿದ ಬೇರೆ ಯಾವ ಮಾತನ್ನೂ ಜನ ನಂಬಲಿಲ್ಲ.

ಮುಂದಿನ ಸಲಕ್ಕೆ ಈಗಲೇ ಮಾಡಿಡುವ ಕೆಲಸ ಜಾಸ್ತಿ ಏನಿಲ್ಲ. ಒಂದು ಮಧ್ಯಾಹ್ನ ಆಶಾ ಅಕ್ಕ, ನೀರುಗಂಟಿ, ಅಂಗನವಾಡಿ ಟೀಚರ್ ಮೂವರನ್ನು ಕೂರಿಸಿಕೊಂಡು ಪ್ರತಿ ಕೇರಿಯಲ್ಲಿ ಫೋನ್ ಇಲ್ಲದ ಮನೆ, ಒಬ್ಬಂಟಿ ಮುದುಕರ ಮನೆ, ದಿನಾ ಮಾತ್ರೆ ನುಂಗುವವರ ಮನೆ ಬರೆದಿಡಿ. ಅವರಿಗೆ ಹೋಗಿ ಹೇಳುವವರು ಯಾರು ಅಂತ ಪಕ್ಕದಲ್ಲೇ ಬರೆಯಿರಿ. ಈ ಪಟ್ಟಿಯನ್ನು ಮಾತ್ರ ದಯವಿಟ್ಟು ಗ್ರೂಪಿಗೆ ಹಾಕಬೇಡಿ. ಮೇಲೆ ಕೊಟ್ಟ ಮಾದರಿಯಲ್ಲಿ ತಾರೀಕು, ಹೊತ್ತು ಖಾಲಿ ಬಿಟ್ಟು ಇಪ್ಪತ್ತು ಪ್ರತಿ ಜೆರಾಕ್ಸ್ ಮಾಡಿಸಿ ಬೀರುವಿನಲ್ಲಿ ಇಡಿ. ಕೆಳಗೆ ಫೋನ್ ನಂಬರ್ ಎರಡು ಹಾಕಿ, ಒಂದು ಸಾಲದು. ಒಂದು ಯಾವಾಗಲೂ ಬ್ಯುಸಿ ಬರುತ್ತದೆ, ಅದು ನಿಮ್ಮದೇ ಆಗಿರುತ್ತದೆ.